ಆಯಿಲ್ ಲೈಟ್ ಮಿಣುಕಿದರೆ ಗ್ರೇಡ್ ಬದಲಿಸುವ ಮೊದಲು ಪ್ರೆಶರ್ ಅಳೆಯಿರಿ

ಹೋದ ಜನವರಿಯಲ್ಲಿ ಶಿಡ್ಲಘಟ್ಟದ ರೀಲರ್ ಒಬ್ಬರು, ಅಂದರೆ ಗೂಡಿನಿಂದ ರೇಷ್ಮೆ ನೂಲು ತೆಗೆಯುವವರು, ಚಿಕ್ಕಬಳ್ಳಾಪುರದ ನನ್ನ ಗ್ಯಾರೇಜಿಗೆ ಕಾರು ತಂದರು. ನಾನು ಅವರನ್ನು ಭಾಯ್ ಅನ್ನುತ್ತೇನೆ. ಪೆಟ್ರೋಲ್ ಕಾರು, 1,18,000 ಕಿಲೋಮೀಟರ್ ಓಡಿದೆ. ಹಿಂದಿನ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ನಂದಿಬೆಟ್ಟ ಹತ್ತಿದ್ದರಂತೆ. ಮೇಲೆ ಕಾರುಗಳ ಉದ್ದ ಸಾಲು. ಇಂಜಿನ್ ಆನ್ ಇಟ್ಟುಕೊಂಡೇ ಕಾಯುತ್ತಿದ್ದಾಗ ಮೀಟರಿನಲ್ಲಿ ಕೆಂಪು ಎಣ್ಣೆ ಡಬ್ಬಿಯ ಗುರುತು ಮಿಣುಕತೊಡಗಿದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಹೋಗುತ್ತದೆ, ಬಿಟ್ಟರೆ ಮತ್ತೆ ಬರುತ್ತದೆ.

"ಅಣ್ಣ, ಇನ್ನೂ ದಪ್ಪ ಆಯಿಲ್ ಹಾಕಿಬಿಡಿ" ಅಂದರು.

'ಇನ್ನೂ' ಅಂದಿದ್ದು ಯಾಕೆಂದರೆ ಆಗಲೇ ಎರಡು ಸಲ ದಪ್ಪ ಮಾಡಿಸಿದ್ದರು. ಕಾರಿನ ಪುಸ್ತಕದಲ್ಲಿ ಇರುವ ಆಯಿಲ್ ಗ್ರೇಡ್ 5ಡಬ್ಲ್ಯೂ-30. ಕೊನೆಯ ಅಂಕಿ ದೊಡ್ಡದಾದಷ್ಟೂ ಬಿಸಿಯಲ್ಲಿ ಆಯಿಲ್ ದಪ್ಪ, ವಿವರ ಮುಂದೆ ಹೇಳುತ್ತೇನೆ. ವರ್ಷದ ಹಿಂದೆ ಮೊದಲ ಸಲ ಲೈಟ್ ಮಿಣುಕಿದಾಗ ಬೇರೆ ಕಡೆ 15ಡಬ್ಲ್ಯೂ-40 ಹಾಕಿದ್ದಾರೆ. ಆರು ತಿಂಗಳು ಲೈಟ್ ಬರಲಿಲ್ಲ. ಮತ್ತೆ ಬಂದಾಗ 20ಡಬ್ಲ್ಯೂ-50 ಹಾಕಿದ್ದಾರೆ. ಈಗ ಅದೂ ಸಾಲದು. ಅದರ ಮೇಲೆ ಹೊಸದೊಂದು ತೊಂದರೆ ಸೇರಿಕೊಂಡಿದೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಾಲ್ಕೈದು ಸೆಕೆಂಡ್ ಟಕಟಕ ಅಂತ ಟ್ಯಾಪೆಟ್ ಸದ್ದು.

ನಮ್ಮ ಕಡೆ ನಾನು ತುಂಬ ನೋಡುವ ತಪ್ಪು ಇದು. ಆಯಿಲ್ ಲೈಟ್ ಬಂತು ಅಂದರೆ ಆಯಿಲ್ ತೆಳ್ಳಗಾಯ್ತು ಅಂತಲೇ ಲೆಕ್ಕ. ಗಾಡಿ ಹಳೆಯದಾದರೆ ಆಯಿಲ್ ದಪ್ಪ ಇರಬೇಕು ಅನ್ನೋದು ಇನ್ನೊಂದು ಲೆಕ್ಕ. ಎರಡೂ ಕೆಲವು ಸಲ ನಿಜವಾಗಬಹುದು. ಆದರೆ ಅಳೆಯದೆ ಅದನ್ನು ಹೇಳಲು ಆಗುವುದಿಲ್ಲ. ಯಾವ ಕ್ರಮದಲ್ಲಿ ನೋಡಬೇಕು, ಗ್ರೇಡ್ ಬದಲಿಸುವ ಮಾತು ಯಾವಾಗ ಬರುತ್ತದೆ ಅನ್ನೋದನ್ನು ಈ ಕಾರನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ.

ಎಲ್ಲಕ್ಕಿಂತ ಮೊದಲು

ಓಡುತ್ತಿರುವಾಗ ಕೆಂಪು ಲೈಟ್ ಬಂದು ಹಾಗೇ ನಿಂತರೆ ಗಾಡಿಯನ್ನು ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ. ಬಾಗೇಪಲ್ಲಿ ಹೈವೇಯಲ್ಲಿದ್ದರೂ ಅಷ್ಟೇ, ಮನೆಗೆ ಎರಡೇ ಕಿಲೋಮೀಟರ್ ಇದ್ದರೂ ಅಷ್ಟೇ. ಹೆಚ್ಚಿನ ಕಾರುಗಳಲ್ಲಿ ಈ ಲೈಟಿನ ಸ್ವಿಚ್ ಕೆಲಸ ಮಾಡುವುದು ಪ್ರೆಶರ್ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದಾಗ. ಅಂದರೆ ಲೈಟ್ ಬರುವ ಹೊತ್ತಿಗೆ ಪ್ರೆಶರ್ ಹೆಚ್ಚುಕಡಿಮೆ ಮುಗಿದಿರುತ್ತದೆ. ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗ್ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಆಯಿಲ್ ಪದರ. ಅದು ಒಡೆದರೆ ಲೋಹಕ್ಕೆ ಲೋಹ ಉಜ್ಜುತ್ತದೆ, ಕೆಲವೇ ನಿಮಿಷದಲ್ಲಿ ಬೇರಿಂಗ್ ಕೂತುಬಿಡಬಹುದು. ಟೋಯಿಂಗ್‌ಗೆ ಕೊಡುವ ದುಡ್ಡು ಇಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ಇಲ್ಲಿ ಇನ್ನೊಂದು ಗೊಂದಲ ತಿಳಿಯಾಗಬೇಕು. ಆ ಲೈಟ್ ತೋರಿಸುವುದು ಆಯಿಲ್ ಪ್ರೆಶರ್, ಲೆವೆಲ್ ಅಲ್ಲ. ಲೆವೆಲ್ ಸರಿಯಿದ್ದೂ ಪ್ರೆಶರ್ ಬೀಳಬಹುದು. ಲೆವೆಲ್ ಅರ್ಧ ಲೀಟರ್ ಕಡಿಮೆ ಇದ್ದೂ ಲೈಟ್ ಬರದೇ ಇರಬಹುದು. ಕೆಲವು ಹೊಸ ಕಾರುಗಳಲ್ಲಿ ಲೆವೆಲ್ಲಿಗೇ ಬೇರೆ ಹಳದಿ ಲೈಟ್ ಇರುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಲೈಟ್ ಯಾವಾಗ ಬರುತ್ತದೆ?

ನಾನು ಬಾನೆಟ್ ತೆಗೆಯುವ ಮೊದಲು ಕೇಳುವ ಪ್ರಶ್ನೆ ಇದು. ಅರ್ಧ ಉತ್ತರ ಇದರಲ್ಲೇ ಸಿಗುತ್ತದೆ.

ತಿರುವಿನಲ್ಲಿ ಅಥವಾ ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಬರುತ್ತದೆ ಅಂದರೆ ಆಯಿಲ್ ಕಡಿಮೆ ಇದೆ ಅಂತ ಮೊದಲು ಅನುಮಾನಿಸಿ. ಇಂಜಿನ್ನಿನ ತಳದ ಚೇಂಬರಿನಲ್ಲಿರುವ ಆಯಿಲ್ ಒಂದು ಕಡೆ ವಾಲಿದಾಗ ಸ್ಟ್ರೈನರ್, ಅಂದರೆ ಪಂಪ್ ಆಯಿಲ್ ಎಳೆಯುವ ಬಾಯಿಯ ಜಾಲರಿ, ಗಾಳಿ ಎಳೆಯುತ್ತದೆ. ಇಂಜಿನ್ ತಣ್ಣಗಿರಲಿ ಬಿಸಿಯಿರಲಿ, ರೇಸ್ ಕೊಡಲಿ ಬಿಡಲಿ, ಲೈಟ್ ತನಗೆ ತೋಚಿದ ಹಾಗೆ ಬಂದು ಹೋಗುತ್ತಿದ್ದರೆ ಸ್ವಿಚ್ ಅಥವಾ ವೈರ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಕೀ ಆನ್ ಮಾಡಿದಾಗ ಲೈಟ್ ಬರಲೇಬೇಕು. ಬರದಿದ್ದರೆ ಅದು ಒಳ್ಳೆಯ ಸುದ್ದಿಯಲ್ಲ, ಲೈಟೇ ಕೆಲಸ ಮಾಡುತ್ತಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಲೈಟ್ ಆರಲು ಮೂರು ನಾಲ್ಕು ಸೆಕೆಂಡ್ ಹಿಡಿದರೆ ಫಿಲ್ಟರ್ ನೋಡಬೇಕು, ಸ್ಟ್ರೈನರ್ ನೋಡಬೇಕು, ಯಾವ ಆಯಿಲ್ ಹಾಕಿದ್ದಾರೆ ಅಂತಲೂ ನೋಡಬೇಕು.

ಭಾಯ್ ಕಾರಿನ ಹಾಗೆ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಮಾತ್ರ ಬಂದರೆ ಅದು ನಿಜವಾದ ಕಡಿಮೆ ಪ್ರೆಶರ್ ಇರಬಹುದು. ನಂದಿಬೆಟ್ಟ ಇದನ್ನು ಹೊರಗೆ ತರುತ್ತದೆ. ಬೆಟ್ಟದ ತುದಿ 1,478 ಮೀಟರ್ ಎತ್ತರ. ಐದು ಜನ ಕೂತು ಎರಡನೇ ಗೇರಿನಲ್ಲಿ ಹತ್ತುವಾಗ ಆಯಿಲ್ ಚೆನ್ನಾಗಿ ಕಾಯುತ್ತದೆ. ಹತ್ತಿದ ಕೂಡಲೇ ಸಾಲಿನಲ್ಲಿ ಐಡ್ಲಿಂಗ್. ಆಯಿಲ್ ಅತಿ ತೆಳ್ಳಗಿರುವ ಹೊತ್ತಿಗೇ ಪಂಪ್ ಅತಿ ನಿಧಾನವಾಗಿ ತಿರುಗುತ್ತಿರುತ್ತದೆ. ಊರೊಳಗೆ ಓಡಾಡುವಾಗ ಕಾಣದ ದೋಷ ಅಲ್ಲಿ ಕಾಣುತ್ತದೆ.

ಡಿಪ್‌ಸ್ಟಿಕ್ ಓದುವುದು

ಸಮನಾದ ಜಾಗದಲ್ಲಿ ನಿಲ್ಲಿಸಿ. ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಚೇಂಬರಿಗೆ ಇಳಿಯಬೇಕು. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಬಿಟ್ಟು ಮತ್ತೆ ಎಳೆಯಿರಿ. ಎರಡು ಗುರುತಿನ ನಡುವೆ ಇರಬೇಕು. ತುಂಬ ಕಾರುಗಳಲ್ಲಿ ಕೆಳಗಿನ ಗುರುತಿಗೂ ಮೇಲಿನ ಗುರುತಿಗೂ ಸುಮಾರು ಒಂದು ಲೀಟರ್ ವ್ಯತ್ಯಾಸ.

ಕಡಿಮೆ ಇದ್ದರೆ ತುಂಬಿಸಿ, ಆಮೇಲೆ ಎಲ್ಲಿಗೆ ಹೋಯ್ತು ಅಂತ ಹುಡುಕಿ. ದಾರಿಯಲ್ಲಿ ಅದೇ ಗ್ರೇಡ್ ಸಿಗದಿದ್ದರೆ ಹತ್ತಿರದ ಗ್ರೇಡ್, ಬೇರೆ ಕಂಪನಿಯದಾದರೂ ಪರವಾಗಿಲ್ಲ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿರುವ ಇಂಜಿನ್ ಆಯಿಲ್‌ಗಳು ಒಂದಕ್ಕೊಂದು ಬೆರೆಯಲೇಬೇಕು ಅನ್ನೋದು ಆ ಗುರುತಿನ ನಿಯಮವೇ. ಸಿಂಥೆಟಿಕ್‌ಗೆ ಮಿನರಲ್ ಸೇರಿದರೆ ಮೊಸರಿನ ಹಾಗೆ ಒಡೆಯುತ್ತದೆ ಅನ್ನೋ ಹೆದರಿಕೆ ಬೇಡ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಬೆರೆಸಿ ಓಡಿಸುವುದು ಸಾವಿರ ಪಾಲು ವಾಸಿ. ಕಾಫಿಗೆ ಹಾಲು ಬೆರೆಸಿದ ಬಣ್ಣ ಕಂಡರೆ ಕೂಲೆಂಟ್ ನೀರು ಸೇರಿರಬಹುದು, ಗಾಡಿ ಓಡಿಸಬೇಡಿ.

ಮೇಲಿನ ಗುರುತನ್ನೂ ದಾಟಿದ್ದರೆ? ಡೀಸೆಲ್ ಕಾರಿನವರು ಇಲ್ಲಿ ಸ್ವಲ್ಪ ನಿಂತು ಓದಬೇಕು.

2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್6 ಅನ್ನುವ ಹೊಗೆ ನಿಯಮ ಕಡ್ಡಾಯವಾಯಿತು. ಆಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಕಾರು ತಾನೇ ಅದನ್ನು ಸುಡುತ್ತದೆ. ಹಲವು ಇಂಜಿನ್‌ಗಳು ಇದಕ್ಕಾಗಿ ಸಿಲಿಂಡರಿಗೆ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಸಿಡಿಸುತ್ತವೆ. ಅದರಲ್ಲಿ ಸ್ವಲ್ಪ ಗೋಡೆಗಂಟಿ, ರಿಂಗ್ ದಾಟಿ, ಕೆಳಗೆ ಆಯಿಲ್‌ಗೆ ಸೇರುತ್ತದೆ. ಮನೆಯಿಂದ ಕಾಲೇಜಿಗೆ ನಾಲ್ಕು ಕಿಲೋಮೀಟರ್, ಸಂಜೆ ವಾಪಸ್ ನಾಲ್ಕು, ಇಷ್ಟೇ ಓಡಿಸುವವರ ಕಾರಿನಲ್ಲಿ ಸುಡುವ ಕೆಲಸ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಶುರುವಾಗುತ್ತದೆ, ಮತ್ತೆ ಡೀಸೆಲ್ ಇಳಿಯುತ್ತದೆ. ಚಿಂತಾಮಣಿಯ ಮೇಷ್ಟ್ರೊಬ್ಬರ ಕಾರಿನಲ್ಲಿ ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. "ನನ್ನ ಕಾರು ಆಯಿಲ್ ಕುಡಿಯೋದೇ ಇಲ್ಲ, ನೋಡಿ" ಅಂತ ಸಂತೋಷದಿಂದ ಹೇಳಿದರು. ಕಡ್ಡಿ ಮೂಸಿದರೆ ಡೀಸೆಲ್ ವಾಸನೆ.

ಇದನ್ನು ಮನೆಯಲ್ಲೇ ನೋಡಬಹುದು. ಫಿಲ್ಟರ್ ಕಾಗದ ಅಥವಾ ಹೀರಿಕೊಳ್ಳುವ ಬಿಳಿ ಕಾಗದದ ಮೇಲೆ ಬಿಸಿ ಇಂಜಿನ್ನಿನ ಒಂದು ಹನಿ ಆಯಿಲ್ ಬಿಟ್ಟು, ಕೆಲವು ಗಂಟೆ ಅಲುಗಿಸದೆ ಇಡಿ. ನಡುವೆ ಮಸಿಯ ಕಪ್ಪು, ಸುತ್ತ ಆಯಿಲ್ ಹರಡಿದ ಕಂದು ಕಾಣುತ್ತದೆ. ಅದರ ಆಚೆ ತೆಳುವಾದ ಇನ್ನೊಂದು ಉಂಗುರ ಹೊರಗೆ ಓಡಿದ್ದರೆ ಇಂಧನ ಸೇರಿರುವ ಸೂಚನೆ. ಲ್ಯಾಬ್ ರಿಪೋರ್ಟಿಗೆ ಸಮ ಅಲ್ಲ, ಆದರೆ ವಾಸನೆ, ಲೆವೆಲ್, ಈ ಉಂಗುರ ಮೂರೂ ಒಂದೇ ಮಾತು ಹೇಳಿದರೆ ನಂಬಬಹುದು.

ಇಂಥ ಕಾರಿಗೆ ದಪ್ಪ ಆಯಿಲ್ ಹಾಕಿದರೆ ಅದೂ ತಿಂಗಳೊಪ್ಪತ್ತಿನಲ್ಲಿ ಡೀಸೆಲ್ ಕುಡಿದು ತೆಳ್ಳಗಾಗುತ್ತದೆ. ಮೇಷ್ಟ್ರ ಕಾರಿಗೆ ಪುಸ್ತಕದಲ್ಲಿದ್ದ ಗ್ರೇಡನ್ನೇ ಹೊಸದಾಗಿ ಹಾಕಿದೆವು. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಬಿಡದೆ ಓಡಿಸಿ ಅಂದೆ. ಈಗ ಅವರು ಭಾನುವಾರ ಕೈವಾರಕ್ಕೋ ಬೆಂಗಳೂರಿಗೋ ಹೋಗಿ ಬರುತ್ತಾರೆ. ಲೆವೆಲ್ ಏರುವುದು ನಿಂತಿದೆ.

ಯಾವ ಆಯಿಲ್ ಹಾಕಿದ್ದಾರೆ, ಯಾವ ಫಿಲ್ಟರ್ ಹಾಕಿದ್ದಾರೆ

ಬಿಲ್ ನೋಡಿ, ಖಾಲಿ ಕ್ಯಾನ್ ಇದ್ದರೆ ಅದನ್ನೂ ನೋಡಿ. ಆಯಿಲ್ ಬದಲಿಸಿದ ಮಾರನೇ ದಿನವೇ ಲೈಟ್ ಬರಲು ಶುರುವಾಗಿದ್ದರೆ ಕಾರಣ ಆ ಸರ್ವಿಸಿನಲ್ಲೇ ಇದೆ: ತಪ್ಪು ಗ್ರೇಡ್, ನಕಲಿ ಆಯಿಲ್, ತಪ್ಪು ಫಿಲ್ಟರ್, ಅಥವಾ ಹಳೆ ಫಿಲ್ಟರಿನ ರಬ್ಬರ್ ವಾಷರ್ ಅಲ್ಲೇ ಅಂಟಿಕೊಂಡು ಎರಡು ವಾಷರ್ ಆಗಿ ಸೋರುತ್ತಿರುವುದು.

ಫಿಲ್ಟರನ್ನು ಜನ ಹಗುರವಾಗಿ ನೋಡುತ್ತಾರೆ. ಅದರೊಳಗೆ ಒಂದು ರಬ್ಬರ್ ಪಟ್ಟಿ ಇರುತ್ತದೆ. ಇಂಜಿನ್ ಆಫ್ ಆದ ಮೇಲೆ ಫಿಲ್ಟರಿನ ಆಯಿಲ್ ವಾಪಸ್ ಚೇಂಬರಿಗೆ ಹರಿದು ಹೋಗದಂತೆ ಅದು ತಡೆಯುತ್ತದೆ. ಅಗ್ಗದ ಫಿಲ್ಟರಿನಲ್ಲಿ ಆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ರಾತ್ರಿಯಿಡೀ ಆಯಿಲ್ ಇಳಿದು ಬೆಳಿಗ್ಗೆ ಫಿಲ್ಟರ್ ಖಾಲಿ. ಸ್ಟಾರ್ಟ್ ಮಾಡಿದರೆ ಅದು ತುಂಬುವವರೆಗೂ ಟಕಟಕ. ಬೆಳಗಿನ ಸದ್ದಿಗೆ ಆಯಿಲ್ ಗ್ರೇಡ್ ಬದಲಿಸುವ ಮೊದಲು ಒಳ್ಳೆಯ ಫಿಲ್ಟರ್ ಹಾಕಿ ನೋಡಿ.

ಬೆರಳಿಗೆ ಸಿಗದ ಲೆಕ್ಕ

ಭಾಯ್ ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರು. ಬೆರಳು ನಿಧಾನವಾಗಿ ಬಿಡಿಸಿ ಎಳೆ ಎಷ್ಟು ಉದ್ದ ಬರುತ್ತದೆ ಅಂತ ನೋಡಿದರು. "ತೆಳ್ಳಗಾಗಿದೆ ಅಣ್ಣ" ಅಂದರು. ಮೂವತ್ತು ವರ್ಷ ಬಿಸಿನೀರಿನ ಬಾಣಲೆಯಿಂದ ಗೂಡಿನ ಎಳೆ ಹಿಡಿದ ಕೈ ಅದು. ಬೆರಳ ತುದಿ ನೆಂದು ನೆಂದು ಬಿಳಿಚಿಕೊಂಡಿದೆ. ಆ ಕೈಗೆ ಎಳೆ ಗೊತ್ತಾಗಲ್ಲ ಅಂತ ನಾನು ಹೇಳಲಾರೆ. ಒಂದೇ ಮಾತು ಕೇಳಿದೆ.

"ಭಾಯ್, ನೂಲು ಎಷ್ಟು ಡೀನಿಯರ್ ಅಂತ ಬೆರಳಲ್ಲಿ ನೋಡಿ ಮಾರ್ತೀರಾ?"

"ಎಲ್ಲಾದ್ರೂ ಉಂಟಾ? ತೂಕ ಹಾಕಿ ನೋಡ್ತೀವಿ."

9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. ಉದ್ದ ಗೊತ್ತು, ತೂಕ ಗೊತ್ತು, ಆಗ ಅಂಕಿಗೆ ಅರ್ಥ. ಆಯಿಲ್ ನಂಬರೂ ಹಾಗೆಯೇ. ಅದು ಇಂತಿಷ್ಟು ಬಿಸಿಯಲ್ಲಿ ಅಳೆದ ಅಂಕಿ. ಗ್ಯಾರೇಜಿನ ನೆರಳಿನಲ್ಲಿ ಬೆರಳಿಗೆ ಸಿಗುವ ಆಯಿಲ್ 30 ಡಿಗ್ರಿ ಇರಬಹುದು. ಇಂಜಿನ್ನಿನಲ್ಲಿ ಅದು ಕೆಲಸ ಮಾಡುವುದು 100 ಡಿಗ್ರಿ ಆಸುಪಾಸಿನಲ್ಲಿ.

5ಡಬ್ಲ್ಯೂ-30 ಅನ್ನುವುದನ್ನು ಹೀಗೆ ಓದಿ. ಹಿಂದಿನ 30 ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ದಪ್ಪ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. 40 ಅಂದರೆ 12.5ರಿಂದ 16.3. 50 ಅಂದರೆ 16.3ರಿಂದ 21.9. 20 ಅಂದರೆ 6.9ರಿಂದ 9.3. ಎಸ್‌ಎಇ ಸಂಸ್ಥೆಯ ಜೆ300 ಅನ್ನುವ ಪಟ್ಟಿಯ ಅಂಕಿಗಳಿವು. ಮುಂದಿನ ಡಬ್ಲ್ಯೂ ಅಂದರೆ ವಿಂಟರ್ (ಚಳಿಗಾಲ), ವೆಯ್ಟ್ (ತೂಕ) ಅಲ್ಲ. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲೂ, 20ಡಬ್ಲ್ಯೂ ಆಯಿಲನ್ನು ಮೈನಸ್ 15 ಡಿಗ್ರಿಯಲ್ಲೂ ಇಂಜಿನ್ ತಿರುಗಿಸಲು ಎಷ್ಟು ಬಿಗಿ ಅಂತ ಪರೀಕ್ಷಿಸುತ್ತಾರೆ.

ನಮ್ಮೂರಿನಲ್ಲಿ ಮೈನಸ್ ಎಲ್ಲಿದೆ ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಜನವರಿ ಬೆಳಿಗ್ಗೆ 14–15 ಡಿಗ್ರಿಗೆ ಇಳಿದರೆ ನಾವು ಮಫ್ಲರ್ ಸುತ್ತಿಕೊಳ್ಳುತ್ತೇವೆ, ಅಷ್ಟೇ. ಹಾಗಾಗಿ 0ಡಬ್ಲ್ಯೂ, 5ಡಬ್ಲ್ಯೂ ನಡುವೆ ಇಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ 5ಡಬ್ಲ್ಯೂ-30ಕ್ಕೂ 20ಡಬ್ಲ್ಯೂ-50ಕ್ಕೂ ಇದೆ. 40 ಡಿಗ್ರಿಯಲ್ಲಿ ಅಳೆದರೂ ಎರಡನೆಯದು ಸಾಮಾನ್ಯವಾಗಿ ಎರಡೂವರೆ ಪಟ್ಟು ದಪ್ಪ ಇರುತ್ತದೆ. ಇನ್ನೂ ತಣ್ಣಗಾದರೆ ಅಂತರ ಇನ್ನೂ ಜಾಸ್ತಿ. ಸ್ಟಾರ್ಟ್ ಮಾಡುವ ಹೊತ್ತಿಗೆ ಎಷ್ಟೇ ತೆಳ್ಳನೆ ಗ್ರೇಡ್ ಆದರೂ ಇಂಜಿನ್ನಿಗೆ ಬೇಕಾದದ್ದಕ್ಕಿಂತ ದಪ್ಪವೇ ಇರುತ್ತದೆ. ಆ ಹೊತ್ತಿನಲ್ಲಿ ಬೇಕಾಗಿರುವುದು ಬೇಗ ಮೇಲೆ ತಲುಪುವ ಆಯಿಲ್.

ಸಿಂಥೆಟಿಕ್ ಅಂದ ಮಾತ್ರಕ್ಕೆ ತೆಳ್ಳಗೆ ಅಂತಲೂ ಅಲ್ಲ. 100 ಡಿಗ್ರಿಯಲ್ಲಿ ಮಿನರಲ್ 40, ಸಿಂಥೆಟಿಕ್ 40 ಎರಡೂ ಅದೇ 12.5–16.3ರ ಒಳಗೇ ಇರಬೇಕು. ಸಿಂಥೆಟಿಕ್‌ನ ಲಾಭ ಬೇರೆ. ಬಿಸಿಗೆ ಬೇಗ ಕೆಡುವುದಿಲ್ಲ, ಕಡಿಮೆ ಆವಿಯಾಗುತ್ತದೆ, ತಣ್ಣಗಿದ್ದಾಗ ಬೇಗ ಹರಿಯುತ್ತದೆ, ಕೆಸರು ಕಟ್ಟುವುದು ಕಡಿಮೆ.

ಸ್ವಿಚ್, ಆಮೇಲೆ ಗೇಜ್

ಪ್ರೆಶರ್ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ಆಯಿಲ್ ಒದ್ದೆ ಇದ್ದರೆ ಸ್ವಿಚ್ ಸೋರುತ್ತಿದೆ, ಬದಲಿಸಿ. ಒಣಗಿದ್ದರೆ ಅದು ಚೆನ್ನಾಗಿದೆ ಅಂತಲ್ಲ. ಅಳೆದೇ ತಿಳಿಯಬೇಕು. ಹೊಸ ಸ್ವಿಚ್ ಹಾಕಿ 'ನೋಡೋಣ' ಅಂತ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಪ್ರೆಶರ್ ನಿಜವಾಗಿ ಬಿದ್ದಿದ್ದರೆ ನೋಡುವಷ್ಟರಲ್ಲಿ ಬೇರಿಂಗ್ ಹೋಗಿರುತ್ತದೆ.

ಇಂಜಿನ್ ತಣ್ಣಗಿದ್ದಾಗ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಕೂರಿಸಿ. ತ್ರೆಡ್ ಕಾರಿಂದ ಕಾರಿಗೆ ಬೇರೆ, ಸರಿಯಾದ ಅಡಾಪ್ಟರ್ ಬೇಕು. ಬಲವಂತ ಮಾಡಿದರೆ ಅಲ್ಯೂಮಿನಿಯಂ ಬ್ಲಾಕಿನ ತ್ರೆಡ್ ಹೋಗುತ್ತದೆ. ಪೈಪನ್ನು ಬೆಲ್ಟ್, ಸೈಲೆನ್ಸರ್‌ಗೆ ತಾಗದಂತೆ ಕಟ್ಟಿ.

ಮೂರು ಹೊತ್ತಿನ ಅಂಕಿ ಬರೆದುಕೊಳ್ಳಿ: ಬೆಳಗಿನ ತಣ್ಣನೆ ಸ್ಟಾರ್ಟ್, ಬಿಸಿಯಾದ ಮೇಲೆ ಐಡ್ಲಿಂಗ್, ಬಿಸಿಯಲ್ಲೇ 2,000 ಮತ್ತು 3,000 ಆರ್‌ಪಿಎಂ. ಟೆಂಪರೇಚರ್ ಮುಳ್ಳು ನಡುವೆ ಬಂದ ಕೂಡಲೇ ಆಯಿಲ್ ಬಿಸಿಯಾಗಿದೆ ಅಂದುಕೊಳ್ಳಬೇಡಿ. ಆ ಮುಳ್ಳು ಕೂಲೆಂಟ್ ನೀರಿನದು. ಆಯಿಲ್ ಕಾಯಲು ಇನ್ನೂ ಹೊತ್ತು ಬೇಕು. ನಾನು ಕನಿಷ್ಠ ಇಪ್ಪತ್ತು ನಿಮಿಷ ಓಡಿಸಿಯೇ ಅಳೆಯುತ್ತೇನೆ. ಇದನ್ನು ಬಿಟ್ಟರೆ ಸುಳ್ಳು ಅಂಕಿ ಸಿಗುತ್ತದೆ, ಎಲ್ಲ ಸರಿಯಿದೆ ಅಂತ ಗಾಡಿ ವಾಪಸ್ ಕಳಿಸಿಬಿಡುತ್ತೀರಿ.

ನಿಮ್ಮ ಇಂಜಿನ್ನಿನ ಅಂಕಿ ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಅದೇ ಕೊನೆಯ ಮಾತು. ಅದು ಕೈಗೆ ಸಿಗದಿದ್ದರೆ ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್ ಅನ್ನೋದು ಮೆಕ್ಯಾನಿಕ್‌ಗಳ ಹಳೆಯ ಕೈಲೆಕ್ಕ.

ಭಾಯ್ ಕಾರನ್ನು ರಾತ್ರಿ ಗ್ಯಾರೇಜಿನಲ್ಲೇ ಇರಿಸಿಕೊಂಡೆ. ಬೆಳಿಗ್ಗೆ ಆರೂವರೆಗೆ ಸ್ಟಾರ್ಟ್ ಮಾಡಿದಾಗ ಗೇಜಿನ ಮುಳ್ಳು ನಾಲ್ಕು ಸೆಕೆಂಡ್ ಸೊನ್ನೆಯಲ್ಲೇ ಇತ್ತು. ಆಮೇಲೆ ಒಂದೇ ಸಲ 4.5 ಬಾರ್‌ಗೆ ಹಾರಿತು. ನಂದಿ ಕಡೆ ಓಡಿಸಿ ಬಂದ ಮೇಲೆ ಬಿಸಿ ಐಡ್ಲಿಂಗ್‌ನಲ್ಲಿ 0.4. ಲೈಟ್ ಮಿಣುಕುತ್ತಿದೆ, ಅಂದರೆ ಸ್ವಿಚ್ ಸತ್ಯವನ್ನೇ ಹೇಳುತ್ತಿತ್ತು. 2,000ದಲ್ಲಿ 1.9. 3,000ಕ್ಕೆ ಏರಿಸಿದರೆ 2.0, ಅದಕ್ಕಿಂತ ಮೇಲೆ ಹೋಗಲಿಲ್ಲ, ಮುಳ್ಳು ನಡುಗುತ್ತಿತ್ತು.

ಈ ನಡುಕವೇ ನನಗೆ ಬೇಕಿದ್ದ ಸುಳಿವು. ಬೇರಿಂಗ್ ಸವೆದಿದ್ದರೆ ಬಿಸಿ ಐಡ್ಲಿಂಗ್‌ನಲ್ಲಿ ಪ್ರೆಶರ್ ಬೀಳುತ್ತದೆ, ಆದರೆ ರೇಸ್ ಕೊಟ್ಟಂತೆ ಏರುತ್ತಾ ಹೋಗುತ್ತದೆ. ರೇಸ್ ಕೊಟ್ಟರೂ ಏರದೆ ನಡುಗಿದರೆ ಪಂಪಿಗೆ ಸಾಕಷ್ಟು ಆಯಿಲ್ ಸಿಗುತ್ತಿಲ್ಲ, ಗಾಳಿ ಸೇರುತ್ತಿದೆ. ಸ್ಟ್ರೈನರ್ ಕಟ್ಟಿದಾಗ ಹೀಗೆ. ಬೆಳಗಿನ ನಾಲ್ಕು ಸೆಕೆಂಡಿಗೂ ಇದು ಹೊಂದುತ್ತದೆ. ಕಟ್ಟಿದ ಜಾಲರಿಯಿಂದ ತಣ್ಣನೆ 20ಡಬ್ಲ್ಯೂ-50 ಎಳೆಯುವುದು ಪಂಪಿಗೆ ಎಷ್ಟು ಕಷ್ಟ, ಯೋಚಿಸಿ.

ಚೇಂಬರ್ ಇಳಿಸಿದಾಗ

ಚೇಂಬರಿನ ಅಂಚಿನಲ್ಲಿ ಗ್ಯಾಸ್ಕೆಟ್ ಪೇಸ್ಟ್ ಒಳಗೂ ಹೊರಗೂ ಉಕ್ಕಿ ಗಟ್ಟಿಯಾಗಿತ್ತು. ಹಿಂದೊಮ್ಮೆ ಲೀಕ್ ನಿಲ್ಲಿಸಲು ಯಾರೋ ಧಾರಾಳವಾಗಿ ಹಚ್ಚಿದ್ದಾರೆ. ಹೊರಗೆ ಉಕ್ಕಿದ್ದು ಕಣ್ಣಿಗೆ ಕೆಟ್ಟದಾಗಿ ಕಾಣುತ್ತದೆ, ಅಷ್ಟೇ. ಒಳಗೆ ಉಕ್ಕಿದ್ದು ತುಂಡು ತುಂಡಾಗಿ ಉದುರಿ ಆಯಿಲ್ ಜೊತೆ ಹೋಗುತ್ತದೆ. ಸ್ಟ್ರೈನರಿನ ಜಾಲರಿ ಮೇಲೆ ಬೂದುಬಣ್ಣದ ಪೇಸ್ಟ್ ಎಳೆಗಳು, ಅವುಗಳ ನಡುವೆ ಕಪ್ಪು ಕೆಸರು. ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಬೆಳಕಿಗೆ ಹಿಡಿದರೆ ಒಂದು ಮೂಲೆಯಲ್ಲಿ ಮಾತ್ರ ಕಿಂಡಿಗಳು ಕಾಣುತ್ತಿದ್ದವು.

ಆದರೆ ಇಷ್ಟರಿಂದ ಬಿಸಿ ಐಡ್ಲಿಂಗ್‌ನ 0.4 ಪೂರ್ತಿ ವಿವರವಾಗುವುದಿಲ್ಲ. ಐಡ್ಲಿಂಗ್‌ನಲ್ಲಿ ಪಂಪ್ ಎಳೆಯುವುದೇ ಕಡಿಮೆ, ಅಷ್ಟಕ್ಕೆ ಆ ಮೂಲೆ ಸಾಕಾಗಬೇಕಿತ್ತು. ಹಾಗಾಗಿ ರಿಲೀಫ್ ವಾಲ್ವ್ ಬಿಚ್ಚಿದೆ. ಪ್ರೆಶರ್ ಅತಿಯಾದಾಗ ತೆರೆದು, ಹೆಚ್ಚಿನ ಆಯಿಲನ್ನು ವಾಪಸ್ ಬಿಡುವ ಸ್ಪ್ರಿಂಗ್ ವಾಲ್ವ್ ಅದು. ಈ ಇಂಜಿನ್ನಿನಲ್ಲಿ ಚೇಂಬರ್ ಇಳಿಸಿದರೆ ಕೈಗೆ ಸಿಗುತ್ತದೆ, ಎಲ್ಲದರಲ್ಲೂ ಸಿಗುವುದಿಲ್ಲ. ಪಿಸ್ಟನ್ ಕೂರುವ ಜಾಗದಲ್ಲಿ ಅಕ್ಕಿ ಕಾಳಿನ ಅರ್ಧದಷ್ಟು ಪೇಸ್ಟ್ ಚೂರು ಸಿಕ್ಕಿಕೊಂಡಿತ್ತು. ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಪ್ರೆಶರ್ ಅಲ್ಲಿಂದ ಸದಾ ಸೋರುತ್ತಿತ್ತು. ದಪ್ಪ ಆಯಿಲ್ ಹಾಕಿದಾಗ ಆ ಸಂದಿನಲ್ಲಿ ಸೋರುವುದು ಕಡಿಮೆಯಾಗಿ ಲೈಟ್ ಆರು ತಿಂಗಳು ಹೋಯ್ತು. ಅತ್ತ ಜಾಲರಿ ಕಟ್ಟುತ್ತಲೇ ಇತ್ತು.

ಚೂರನ್ನು ಭಾಯ್ ಅಂಗೈಯಲ್ಲಿಟ್ಟೆ. ತುಂಬ ಹೊತ್ತು ನೋಡಿದರು.

ಸ್ಟ್ರೈನರ್ ತೊಳೆದು, ವಾಲ್ವ್ ಸ್ವಚ್ಛ ಮಾಡಿ, ಎರಡು ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿದೆ. ಗೀರು ಇರಲಿಲ್ಲ, ಅದೃಷ್ಟ. ಅಂಚು ಪೂರ್ತಿ ಕೆರೆದು ತೆಗೆದು, ಪೇಸ್ಟನ್ನು ತೆಳುವಾದ ಒಂದೇ ಗೆರೆಯಲ್ಲಿ ಹಚ್ಚಿ ಕೂರಿಸಿದೆ. ಪೇಸ್ಟಿನ ಡಬ್ಬಿಯ ಮೇಲೆ ಒಣಗಲು ಎಷ್ಟು ಹೊತ್ತು ಅಂತ ಬರೆದಿರುತ್ತದೆ, ಅಷ್ಟು ಹೊತ್ತು ಬಿಟ್ಟೇ ಆಯಿಲ್ ತುಂಬಬೇಕು. ಕೆಸರು ತೊಳೆಯಲು ಇಂಜಿನ್ನಿಗೆ ಡೀಸೆಲ್ಲೋ ಸೀಮೆಎಣ್ಣೆಯೋ ಹಾಕಿ ಓಡಿಸುವ ಪದ್ಧತಿ ನಮ್ಮಲ್ಲಿದೆ. ದಯವಿಟ್ಟು ಬಿಟ್ಟುಬಿಡಿ. ಆ ಐದು ನಿಮಿಷ ಬೇರಿಂಗಿಗೆ ರಕ್ಷಣೆಯೇ ಇರುವುದಿಲ್ಲ, ಕಿತ್ತ ಕೆಸರು ಹೋಗಿ ಇದೇ ಜಾಲರಿಗೆ ಕೂರುತ್ತದೆ.

ಆಮೇಲೆ ಪುಸ್ತಕದ 5ಡಬ್ಲ್ಯೂ-30 ಸಿಂಥೆಟಿಕ್ ಹಾಕಿದೆ. "ಇಷ್ಟು ತೆಳ್ಳನೇದಾ?" ಅಂದರು ಭಾಯ್. ಗೇಜ್ ಅವರ ಕೈಗೇ ಕೊಟ್ಟೆ. ಮಾರನೇ ಬೆಳಿಗ್ಗೆ ಒಂದು ಸೆಕೆಂಡಿನೊಳಗೆ ಮುಳ್ಳು ಎದ್ದಿತು, ಟಕಟಕ ಇಲ್ಲ. ಬಿಸಿ ಐಡ್ಲಿಂಗ್‌ನಲ್ಲಿ 1.2. 2,000ದಲ್ಲಿ 2.6. 3,000ದಲ್ಲಿ 3.4, ಮುಳ್ಳು ನೆಟ್ಟಗೆ ನಿಂತಿತ್ತು. 20ಡಬ್ಲ್ಯೂ-50ರಲ್ಲಿ ಬಿಸಿ ಐಡ್ಲಿಂಗ್‌ಗೆ ಸಿಕ್ಕಿದ್ದು 0.4 ಮಾತ್ರ.

ಹಾಗಾದರೆ ದಪ್ಪ ಮಾಡುವುದು ಯಾವಾಗ?

ಎಲ್ಲ ಅಳೆದಾಗಿದೆ, ಲೆವೆಲ್ ಸರಿ, ಸ್ಟ್ರೈನರ್ ಸ್ವಚ್ಛ, ಪಂಪ್ ಸರಿ, ಬೇರಿಂಗ್ ಬಡಿಯುತ್ತಿಲ್ಲ. ಆದರೂ ಓಡಿ ಓಡಿ ಸವೆದು ಬಿಸಿ ಐಡ್ಲಿಂಗ್ ಅಂಕಿ ಕೆಳಗಿನ ಗಡಿಗೆ ಬಂದಿದೆ, ಅಥವಾ ಆಯಿಲ್ ಜಾಸ್ತಿ ಸುಡುತ್ತಿದೆ. ಆಗ ಒಂದೇ ಮೆಟ್ಟಿಲು ಹತ್ತಬಹುದು: 5ಡಬ್ಲ್ಯೂ-30ರಿಂದ 5ಡಬ್ಲ್ಯೂ-40ಕ್ಕೆ. ಅದೂ ಪುಸ್ತಕದ ಪಟ್ಟಿಯಲ್ಲಿ ಆ ಗ್ರೇಡ್ ಇದ್ದರೆ. ಎಷ್ಟೋ ಪುಸ್ತಕಗಳಲ್ಲಿ ಹೊರಗಿನ ಬಿಸಿಗೆ ತಕ್ಕಂತೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ, ತೆರೆದು ನೋಡುವವರು ಕಡಿಮೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಐದು ಜನ ಕೂತು, ಲಗೇಜ್ ಹೇರಿ, ಹೈದರಾಬಾದ್ ರಸ್ತೆಯಲ್ಲಿ ದಿನಗಟ್ಟಲೆ ಓಡುವ ಕಾರಿಗೆ ಪಟ್ಟಿಯಲ್ಲಿರುವ ದಪ್ಪದ ಕಡೆಯ ಗ್ರೇಡ್ ಆರಿಸುವುದು ನ್ಯಾಯವೇ.

ಪುಸ್ತಕದಲ್ಲಿ 0ಡಬ್ಲ್ಯೂ-20 ಅಥವಾ 0ಡಬ್ಲ್ಯೂ-16 ಮಾತ್ರ ಇದ್ದರೆ ಅದಕ್ಕೆ 20ಡಬ್ಲ್ಯೂ-50 ಹಾಕಬೇಡಿ. ಇಂಥ ಇಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸುವ ಭಾಗ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರ್ ಆಯಿಲ್ ಪ್ರೆಶರಿನಿಂದಲೇ ಕೆಲಸ ಮಾಡುತ್ತವೆ. ಆಯಿಲ್ ಅತಿ ದಪ್ಪವಾದರೆ ಅವು ತಡವಾಗಿ ಸ್ಪಂದಿಸಿ ಚೆಕ್ ಇಂಜಿನ್ ಲೈಟ್ ಬರಬಹುದು. ಸ್ಕ್ಯಾನರಿನಲ್ಲಿ ವಾಲ್ವ್ ಟೈಮಿಂಗ್ ದೋಷದ ಪಿ0011 ಕೋಡ್ ಕಂಡರೆ ಬೇರೆ ಏನು ಬಿಚ್ಚುವ ಮೊದಲೂ ಯಾವ ಆಯಿಲ್ ಇದೆ, ಎಷ್ಟಿದೆ ಅಂತ ನೋಡಿ.

ಗ್ರೇಡ್ ಸರಿಯಾದರೆ ಮುಗಿಯಲಿಲ್ಲ, ಅದರ ಪಕ್ಕದ ಅಕ್ಷರಗಳನ್ನೂ ಓದಿ. ಡಿಪಿಎಫ್ ಇರುವ ಡೀಸೆಲ್‌ಗೆ ಕಡಿಮೆ ಬೂದಿಯ ಆಯಿಲ್ ಬೇಕು, ಪುಸ್ತಕದಲ್ಲಿ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಸಿ2, ಸಿ3 ಅಂತ ಬರೆದಿರುತ್ತದೆ. ಮಸಿ ಸುಟ್ಟು ಹೋಗುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಅಲ್ಲೇ ಕೂತು ಫಿಲ್ಟರನ್ನು ತುಂಬುತ್ತದೆ. ಟರ್ಬೊ ಪೆಟ್ರೋಲ್ ಕಾರಿಗೆ 2020ರಲ್ಲಿ ಬಂದ ಎಪಿಐ ಎಸ್‌ಪಿ ಒಳ್ಳೆಯದು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆಸಿದಾಗ ಪೆಟ್ರೋಲ್ ಹೊತ್ತಿಗೆ ಮುಂಚೆ ಹೊತ್ತಿಕೊಂಡು ಪಿಸ್ಟನ್ ಒಡೆಯುವ ತೊಂದರೆ ತಡೆಯಲು ಅದರಲ್ಲಿ ಪರೀಕ್ಷೆಗಳಿವೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಬೈಕಿನ ಆಯಿಲ್ ಕಾರಿಗೆ ಬೇಡ. ಅದು ಕ್ಲಚ್ ಜಾರದಂತೆ ಮಾಡಿದ ಆಯಿಲ್.

ಭಾಯ್ ಕಾರಿನ ಆಯಿಲ್ ಮುಚ್ಚಳದ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: ಗ್ರೇಡ್, ತಾರೀಖು, ಕಿಲೋಮೀಟರ್, ಬಿಸಿ ಐಡ್ಲಿಂಗ್ 1.2. ಹೋದ ತಿಂಗಳು ಗೂಡಿನ ಮಾರುಕಟ್ಟೆ ಮುಗಿಸಿಕೊಂಡು ಆಯಿಲ್ ಬದಲಿಸಲು ಬಂದಿದ್ದರು. ಮತ್ತೆ ಗೇಜ್ ಹಾಕಿ ನೋಡಿದೆವು. ಹಳೆ ಆಯಿಲ್, ಮಧ್ಯಾಹ್ನದ ಬಿಸಿಲು, ಇಪ್ಪತ್ತೈದು ನಿಮಿಷ ಓಡಿ ಬಂದ ಇಂಜಿನ್. ಮುಳ್ಳು 1.1ರಲ್ಲಿ ನಿಂತಿತು. ಚೀಟಿಯಲ್ಲಿ 1.2ರ ಕೆಳಗೆ ಅದನ್ನು ಅವರೇ ಬರೆದರು.